ಹಲ್ಲಿನಲ್ಲಿ ಕಚ್ಚಿದ ಬಿಲ್ಲೆ

ಅಂತೊಫಗಾಸ್ತಾದಲ್ಲಿ ರಾತ್ರಿ ಎರಡೂಕಾಲು.
ಕಿಟಕಿಯಾಚೆ ಕಮಂಚಾಕಾ:
ಕಡಲಿಂದೆದ್ದು ಮರಳಿಗೆ ಮುಖ ಒರಸಿ
ಒಂದು ಹನಿಯನ್ನೂ ಬಿಟ್ಟುಕೊಡದೆ ಹೋಗುವ ಮಂಜು.
ಪಂಪಿನ ಗುಂಯ್‌ಗುಟ್ಟುವ ಸದ್ದಿನ ಪಕ್ಕ ನಾನು, ಯಾಸ್ನಾ,
ಆರಿದ ಕಾಫಿ ಹಿಡಿದು
ಕಾಣದ ಕೊಳವೆಗಳನ್ನು ಕಾಯುತ್ತಿದ್ದೇನೆ.

ಇಂಗಾಲದ ಕೊಳವೆ.
ಒಂದು ಕೂದಲಿನ ಅಗಲದಲ್ಲಿ ಸಾಲಾಗಿ ಕೂರಿಸಿದರೆ
ಹತ್ತಿರಹತ್ತಿರ ಎಂಬತ್ತು ಸಾವಿರ ಹಿಡಿಸುತ್ತವೆ.
ಹೊರಗೆ ನಾಲ್ಕು ಕೈ ಚಾಚಿ ನಾಲ್ವರನ್ನು ಹಿಡಿದ ನೀರು
ಅದರ ಬಾಯಿಗೆ ಬಂದು ಎರಡು ಕೈ ಬಿಡಬೇಕು.
ಮುಂದಿನವರಿಗೊಂದು, ಹಿಂದಿನವರಿಗೊಂದು, ಅಷ್ಟೆ.
ಯಾಕೆ ಒಪ್ಪುತ್ತದೆ ಎಂದು ದ್ರಾಗಿತ್ಸಾ
ಹನ್ನೊಂದು ವರ್ಷದಿಂದ ಕೇಳುತ್ತಿದ್ದಾಳೆ.
ಪ್ರತಿ ಸಲವೂ ಬೇರೆ ಉತ್ತರ, ಅದೇ ಮುಖ.

ಗೋಡೆಗೆ ನೀರೆಂದರೆ ಆಗದು.
ಹಿಡಿದು ನಿಲ್ಲಿಸುವುದಿಲ್ಲ, ಮಾತಾಡಿಸುವುದಿಲ್ಲ.
ಅದಕ್ಕೇ ನೀರು ಜಾರುತ್ತದೆ,
ಪಠ್ಯಪುಸ್ತಕದ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಬೇಗ.
ಬೋರಾನಿನ ಕೊಳವೆ ನೋಡಿ, ಅದೇ ಅಳತೆ,
ಅದೇ ಜೇನುಗೂಡಿನ ಹೆಣಿಗೆ.
ಅಲ್ಲಿ ನೀರು ಕಾಲೆಳೆಯುತ್ತದೆ,
ನೆಂಟರ ಮನೆಯಿಂದ ಹೊರಟವರ ಹಾಗೆ.

ಬೇಗ ಅಂದೆ. ನಗಬೇಡಿ.
ಒಂದೇ ಕೊಳವೆಯಿಂದ ಒಂದು ಹನಿ ಆಗಲು
ಸುಮಾರು ಎರಡು ಸಾವಿರ ವರ್ಷ.
ಅರೀಕಾದಲ್ಲಿ ಮಲಗಿದ್ದಾರಲ್ಲ, ಮಣ್ಣಿನ ಮುಖವಾಡದ ಹೆಣಗಳು,
ಅವರು ಸತ್ತ ದಿನ ಶುರುಮಾಡಿದ್ದರೆ
ಇವತ್ತಿಗೆ ಮೂರು ಹನಿ.
ಅದಕ್ಕೇ ಉಗುರಗಲದ ಪೊರೆಯಲ್ಲಿ
ಕೋಟಿ ಕೋಟಿ ನೆಟ್ಟಿದ್ದೇವೆ, ಪೈರಿನಷ್ಟು ಒತ್ತಾಗಿ.

ಸಾಲು ಅಂದರೆ ನನಗೆ ಅಜ್ಜಿ ಒಟೀಲಿಯಾ.
ಪೆಟ್ಲುಪ್ಪಿನ ಗಣಿಯೂರು, ನೀರಿನ ಗಾಡಿ ಬರುವ ಗುರುವಾರ.
ಎರಡು ಕೈಗೆ ಎರಡು ಸೀಮೆಎಣ್ಣೆ ಡಬ್ಬ,
ಕಂಪನಿಯ ಬಿಲ್ಲೆ ಹಲ್ಲಿನಲ್ಲಿ.
ಬಾಯಿ ಬಿಟ್ಟರೆ ಬಿಲ್ಲೆ ಬಿತ್ತು,
ಹಾಗಾಗಿ ಆ ಸಾಲಿನಲ್ಲಿ ಜಗಳವೇ ಇರಲಿಲ್ಲ ಅನ್ನುತ್ತಿದ್ದಳು.

ಐವತ್ತೊಂಬತ್ತರಲ್ಲಿ ಪಟ್ಟಣಕ್ಕೆ ಬಂದಳು. ಮನೆಯೊಳಗೇ ನಲ್ಲಿ!
ಮೊದಲ ರಾತ್ರಿ ತಿರುಗಿಸಿ ತಿರುಗಿಸಿ ಕುಡಿದಳಂತೆ,
ಹೊಟ್ಟೆ ಡೋಲಾಗುವ ತನಕ.
ಬೆಟ್ಟದ ಹೊಳೆಯ ನೀರು.
ಅದರಲ್ಲಿ ಪಾಷಾಣ.
ಬಣ್ಣವಿಲ್ಲ, ರುಚಿಯಿಲ್ಲ, ಹತ್ತು ವರ್ಷಕ್ಕೂ ಮಿಕ್ಕಿ.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ನೀರು ಕುಡಿದವರು?

ಉಪ್ಪು ಪೆದ್ದು. ನೀರನ್ನೇ ಅಂಗಿಯಾಗಿ ತೊಟ್ಟು ಬರುತ್ತದೆ,
ಬಾಗಿಲಲ್ಲಿ ಕಳಚು ಎಂದರೆ ಕಳಚದು,
ಹೊರಗೇ ನಿಲ್ಲುತ್ತದೆ.
ಪಾಷಾಣ ಹಾಗಲ್ಲ.
ಮೈಯೊಳಗೆ ವೇಷ ಬದಲಿಸಿ
ಧನವೂ ಇಲ್ಲದೆ ಋಣವೂ ಇಲ್ಲದೆ
ಜೀವಕೋಶದ ಗಿಂಡಿಯಲ್ಲಿ ತಲೆ ತಗ್ಗಿಸಿ ನುಸುಳುತ್ತದೆ.
ಬರಿಗೈಯವರನ್ನು ಯಾವ ಕಾವಲುಗಾರ ತಡೆದಾನು?
ಅಜ್ಜಿಯ ಮೂತ್ರಕೋಶಕ್ಕೆ ಅದು ತಿಳಿದದ್ದು
ಮೂವತ್ತು ವರ್ಷದ ಮೇಲೆ.

ನಮ್ಮ ಕೊಳವೆ ತಡೆಯುತ್ತದೆಯೇ?
ಯೋಜನೆಯ ಹಾಳೆಯಲ್ಲಿ ಈ ಪ್ರಶ್ನೆ ಇಲ್ಲ.
ದ್ರಾಗಿತ್ಸಾಗೆ ಹೇಳದೆ
ಈ ರಾತ್ರಿ ಸೀಸೆಗೆ ಒಂದು ಚಿಟಿಕೆ ಬೆರೆಸಿದ್ದೇನೆ.

ಮೂರಕ್ಕೆ ಐದು ನಿಮಿಷ ಇರುವಾಗ
ಪರದೆಯ ಗೆರೆ ಅಲುಗಿತು.
ಸ್ವಲ್ಪ ದಾಟಿದೆ. ಎಲ್ಲವೂ ಅಲ್ಲ, ಸ್ವಲ್ಪ.
ಎಡಗೈಯಲ್ಲಿ ಸೀಸೆ, ಬಲಗೈಯಲ್ಲಿ ಪೆನ್ನು,
ಅಂಕಿ ಬರೆದುಕೊಂಡೆ.
ಆಮೇಲೆ ಗಮನಿಸಿದೆ,
ಪೆನ್ನಿನ ಮುಚ್ಚಳ ಹಲ್ಲಿನಲ್ಲಿತ್ತು.