ಐದು ಅಂಗುಸ್ತಾನ

ಕೌಲ್ ಬಜಾರಿನ ನಮ್ಮ ಜೀನ್ಸ್ ಕಾರ್ಖಾನೆಗೆ
ತಗಡಿನ ಮಾಡು, ಎರಡು ಫ್ಯಾನು.
ಮೇ ತಿಂಗಳಲ್ಲಿ ಫ್ಯಾನೂ ಬೆವರುತ್ತದೆ.
ನಲವತ್ತು ಪದರ ಬಟ್ಟೆ ಹಾಸಿ
ಸೀಮೆಸುಣ್ಣದ ಗೆರೆಗುಂಟ ಕತ್ತರಿ ಮೆಷಿನ್ ಓಡಿಸುವವನು ನಾನು.
ಅರ್ಧ ಇಂಚು ತಪ್ಪಿದರೆ
ನಲವತ್ತು ಮಂದಿಯ ಸೊಂಟ ನನ್ನನ್ನು ಬಯ್ಯುತ್ತದೆ.

ಹಾಗಾಗಿ ಅಳತೆ ಎಂದರೆ ಭಕ್ತಿ.
ಕುಡಿಯುವುದರಲ್ಲೂ.

ಶನಿವಾರ ಬಟವಾಡೆ.
ಸಂಜೆ ಏಳಾದರೂ ಕೋಟೆ ಗುಡ್ಡ ಕಾದ ಹೆಂಚು.
ಮಾಳಿಗೆಗೆ ನಾಲ್ಕು ಕೊಡ ನೀರು ಸುರಿದೆ,
ಚುಂಯ್ ಅಂತ ಕುಡಿದುಬಿಟ್ಟಿತು
ನನಗಿಂತ ಮೊದಲು.

ಬರೀ ವಿಸ್ಕಿ ಈ ಸೆಕೆಗೆ ಆಗಿಬರುವುದಿಲ್ಲ,
ಗಂಟಲಲ್ಲಿ ಇನ್ನೊಂದು ಬಳ್ಳಾರಿ ಹೊತ್ತಿಕೊಳ್ಳುತ್ತದೆ.

ಮೊದಲು ಐಸು. ಹತ್ತು ರೂಪಾಯಿಯ ಗಡ್ಡೆ.
ಅದನ್ನು ಜೀನ್ಸ್ ತುಂಡಿನಲ್ಲಿ ಬಿಗಿದು ಕಟ್ಟಬೇಕು
(ಹೊಸ ಬಟ್ಟೆ ಬೇಡ, ಬಣ್ಣ ಬಿಡುತ್ತದೆ;
ನೀಲಿ ವಿಸ್ಕಿ ಕುಡಿದ ರಾತ್ರಿ ಕಲಿತ ಪಾಠ).
ಗುಂಡುಕಲ್ಲಿನಿಂದ ನಾಲ್ಕು ಏಟು.
ಹಿಟ್ಟಾಗಬಾರದು, ಹರಳುಪ್ಪಿನಷ್ಟು ಉಳಿಯಬೇಕು.
ಕರಗಿದ್ದನ್ನು ದಪ್ಪ ಬಟ್ಟೆ ಹೀರಿಕೊಳ್ಳುತ್ತದೆ.

ಪುದೀನ ಎಂಟೆಲೆ. ಅರೆಯುವುದಲ್ಲ,
ಅಂಗೈ ನಡುವೆ ಇಟ್ಟು ಒಂದೇ ಚಪ್ಪಾಳೆ.
ನಿಂಬೆ ಅರ್ಧ ಹೋಳು.
ವಿಸ್ಕಿ ಎರಡು ಬೆರಳು, ನನ್ನ ಬೆರಳು,
ಎಷ್ಟು ಸೋಪು ಹಚ್ಚಿದರೂ ನೀಲಿ ಇಳಿಯದ್ದು.
ನನ್ನಾರಿ ಶರಬತ್ತು ಐದು ಅಂಗುಸ್ತಾನ.

ಅಂಗುಸ್ತಾನ ಅಪ್ಪನದು, ಹಿತ್ತಾಳೆಯದು.
ಕೈಹೊಲಿಗೆಯ ಕಾಲದ ಸಾವಿರ ಸೂಜಿಮೊನೆಯ ಗುರುತು,
ಒಂದೂ ತೂತಿಲ್ಲ.
ಅಪ್ಪ ಒಂದು ಹನಿ ಮುಟ್ಟಿದವನಲ್ಲ.
ಮೊದಮೊದಲು ತಪ್ಪಾಯಿತು ಅನ್ನುತ್ತಿದ್ದೆ.
ಈಗ ತೊಳೆದು, ಒರೆಸಿ, ಬೋರಲು ಇಡುತ್ತೇನೆ.

ಶರಬತ್ತು ಹೊನ್ನೂರ್ ಸಾಬನದು.
ಬ್ರೂಸ್‌ಪೇಟೆ ತಿರುವಿನ ತಳ್ಳುಗಾಡಿ.
ಬೇರು ತಾನೇ ತೊಳೆದು, ಜಜ್ಜಿ, ರಾತ್ರಿಯಿಡೀ ನೆನೆಸಿ
ಬೆಳಗಿನ ನಮಾಜಿನ ನಂತರ ಕುದಿಸುತ್ತಾನೆ.
ಈ ಸಲ ಬಾಟಲಿ ಕೊಡದೆ ಕೈಯಲ್ಲೇ ಹಿಡಿದು ಕೇಳಿದ:
"ವಾರಕ್ಕೊಂದು ಶೀಸೆ. ಮನಿಯಾಗ ಏನರ ಮದುವಿ ಐತೇನು?"
ಸೆಕೆ, ಅಂದೆ.
"ಸೋಡಾ ಹಾಕ್ತೀಯಿಲ್ಲೋ?"
ಹೂಂ.
"ಮತ್ತ?"

ನಲವತ್ತು ವರ್ಷ ಬೇರು ಮೂಸಿದ ಮೂಗು ಅದು.
ಅದರ ಮುಂದೆ ಸುಳ್ಳು ಹೇಳಲು ಆಗಲಿಲ್ಲ,
ನಿಜ ಹೇಳಲೂ ಬಾಯಿ ಬರಲಿಲ್ಲ.
ಆಚೀಚೆ ನೋಡಿದ. ದನಿ ತಗ್ಗಿಸಿದ.
"ಅದು ಹೊಗಿ ವಾಸನಿದು, ನಂದು ಮಣ್ಣಿನ ವಾಸನಿದು.
ಎರಡೂ ಜಗಳಾಡ್ತಾವ.
ನಡುವ ಒಂದು ಚಿಟಿಕಿ ಉಪ್ಪು ಕುಂಡ್ರಿಸು.
ಸೋಡಾ ಕಡೀಕ ಹಾಕು, ಗ್ಲಾಸಿನ ಗ್ವಾಡಿಗುಂಟ ಇಳಿಸು.
ಕದಡಬ್ಯಾಡ."
ನಿನಗೆ ಹೆಂಗ ಗೊತ್ತು, ಸಾಬಣ್ಣ?
"ಅತ್ತರ ಮಾರೋನು ಕುಡದು ನೋಡ್ತಾನೇನು?"
ಚಿಲ್ಲರೆ ಎಣಿಸಿ ಕೊಟ್ಟ. ಎರಡು ರೂಪಾಯಿ ಹೆಚ್ಚೇ ಇತ್ತು.

ಉಪ್ಪು ಹಾಕಿದೆ.
ಗ್ಲಾಸಿನ ಹೊರಮೈ ಬೆವರಿತು, ನನ್ನ ಮೈ ಆರಿತು.
ಮೊದಲು ನಿಂಬೆ, ಆಮೇಲೆ ಹೊಗೆ,
ಕೊನೆಗೆ ಮೊದಲ ಮಳೆ ಬಿದ್ದ ಹೊಲದ ಬದುವಿನಂಥ ಒಂದು ತಂಪು
ನಾಲಿಗೆಯ ಬುಡದಲ್ಲಿ ಬಂದು ಕೂತಿತು.
ಕಾಜಾ ಗುಂಡಿ ಕೆಲಸ ಮುಗಿಸಿ ಬಂದ ಸುಂಕಮ್ಮ
ಕೇಳದೆಯೇ ಗ್ಲಾಸೆತ್ತಿ ಒಂದು ಗುಟುಕು ಎಳೆದಳು.
"ಥೂ" ಅಂದಳು.
ಇನ್ನೊಂದು ಗುಟುಕು ಎಳೆದು
"ನಾಳೆ ನನಗ ಇದರಾಗ ಅದೊಂದು ಬಿಟ್ಟು ಎಲ್ಲಾ ಹಾಕಿ ಕೊಡು" ಅಂದಳು.
ಗ್ಲಾಸು ಮಾತ್ರ ವಾಪಸು ಬರಲಿಲ್ಲ.

ಭಾನುವಾರ ತಿರುವಿನಲ್ಲಿ ಹಾದೆ.
ಗಾಡಿಯ ಸುತ್ತ ಜನ. ಹೊನ್ನೂರ್ ಸಾಬ್ ಮಾತಾಡಲಿಲ್ಲ,
ಹೆಬ್ಬೆರಳು ತೋರುಬೆರಳು ಕೂಡಿಸಿ
ಗಾಳಿಯಲ್ಲಿ ಒಂದು ಚಿಟಿಕೆ ಹಿಡಿದು ತೋರಿಸಿ
ಹುಬ್ಬೆತ್ತಿದ.
ನಾನೂ ಹಿಡಿದು ತೋರಿಸಿದೆ,
ಒಂದು ನೂಲಿನಷ್ಟು ಬೆರಳು ಅಗಲಿಸಿ:
ಹೆಚ್ಚಾಗಿತ್ತು, ಸಾಬಣ್ಣ, ನನ್ನದೇ ತಪ್ಪು,
ದಪ್ಪ ಬಟ್ಟೆಯ ಕೈ.