ಚಾನಲ್ ಏಳು

ಮೊದಲು ಸೆಲ್ಲು ನೋಡು, ಗಂಗುಲಪ್ಪ.
ನಾಲಗೆಗೆ ಮುಟ್ಟಿಸಬೇಡ, ಅದು ಟ್ರಾನ್ಸಿಸ್ಟರ್ ಕಾಲದ ಬುದ್ಧಿ.
ಮೀಟರಿಡು. ಒಂದೂವರೆ ತೋರಿದರೆ ಹೊಸದು,
ಒಂದೂಕಾಲಿಗೆ ಇಳಿದಿದ್ದರೆ ಗಡಿಯಾರಕ್ಕೆ ಹಾಕು,
ಗೋಡೆ ಮೇಲೆ ಇನ್ನಾರು ತಿಂಗಳು ಬಾಳ್ತದೆ.
ಮೈಕಿಗೆ ಹಾಕಿದೆಯೋ, ಗಂಡಿನ ತಾತ ಎದ್ದು ನಿಂತು
'ನಮ್ಮ ವಂಶ' ಅನ್ನೋ ಹೊತ್ತಿಗೆ ಸಾಯ್ತದೆ.

ಆಮೇಲೆ ಜಾಲರಿ ತಿರುಗಿಸಿ ಬಿಚ್ಚು.
ಒಳಗಿನ ಸ್ಪಂಜು ಮೂಸಬೇಡ ಅಂದರೂ ಮೂಸ್ತೀಯ,
ನಾನೂ ಮೂಸಿದವನೇ:
ಎಲೆಯಡಿಕೆ, ಲಿಪ್‌ಸ್ಟಿಕ್ಕು, ಏಲಕ್ಕಿ,
ಟೊಮ್ಯಾಟೊ ಹರಾಜು ಕೂಗೋನ ಬೀಡಿ,
ಬಹುಮಾನ ಗೆದ್ದ ಯಾವುದೋ ಮಗುವಿನ ಶುಂಠಿ ಪೆಪ್ಪರಮಿಂಟು.
ಚಿಂತಾಮಣಿಯ ಬಾಯೆಲ್ಲ ಹುಣಸೆ ಬೀಜದಷ್ಟು ಜಾಗದಲ್ಲಿ.
ಸೋಪಿನ ನೀರಲ್ಲಿ ಹಿಂಡಿ ನೆರಳಲ್ಲಿ ಒಣಗಿಸು.
ಹಸಿ ಇದ್ದಾಗಲೇ ಹಾಕಿದರೆ ಮೈಕಿಗೆ ನೆಗಡಿ.

ಊದಬೇಡ. ತಟ್ಟಬೇಡ.
ತಟ್ಟೋದಕ್ಕೆ ಬಾಗಿಲಿದೆ.
ನಿನ್ನ ಹೆಸರು ಹೇಳು, ಬೆಳಗ್ಗೆ ತಿಂದದ್ದು ಹೇಳು.
ಮಾತಾಡಿದರೆ ತಾನೆ
ಮಾತು ಹೇಗೆ ಕೇಳ್ತದೆ ಅಂತ ಗೊತ್ತಾಗೋದು.

ರಿಸೀವರಿನ ಕೊಂಬು ಎರಡೂ ಅಗಲಿಸಿಡು.
ನಡುವೆ ಉಡುಗೊರೆಯ ಬೀರು ಬಂದು ನಿಂತರೆ
ದನಿ ತುಂಡು ತುಂಡು.
ಕುಯ್ಯೋ ಅಂದರೆ ಮೈಕಿನ ತಪ್ಪಲ್ಲ,
ಹಿಡಿದವರು ಸ್ಪೀಕರಿನ ಮುಂದೆ ಬಂದಿರ್ತಾರೆ.
ತನ್ನ ದನಿ ತಾನೇ ಕೇಳಿಸಿಕೊಂಡರೆ
ಯಾರಾದರೂ ಚೀರ್ತಾರೆ.

ಚಾನಲ್ ಏಳು ಮಾತ್ರ ಮುಟ್ಟಬೇಡ.

ಹೋದ ಮಾಘದಲ್ಲಿ, ಚೇಳೂರು ಸರ್ಕಲ್ ಹತ್ತಿರ,
ಒಂದೇ ಗೋಡೆಗೆ ಎರಡು ಛತ್ರ.
ಈಚೆ ನಮ್ಮದು, ಬೀಗರೂಟ.
ಆಚೆ ವೈಕುಂಠ ಸಮಾರಾಧನೆ.
ಅಲ್ಲೂ ಇದೇ ಕಂಪನಿ, ಅದೇ ಏಳು.
ಬೀಗರು ಮೈಕು ಹಿಡಿದು ಗಂಟಲು ಸರಿ ಮಾಡಿಕೊಂಡರು,
ಸ್ವಿಚ್ಚು ಇನ್ನೂ ಕೆಳಗೇ ಇತ್ತು.
ನಮ್ಮ ಸ್ಪೀಕರಿನಲ್ಲಿ ಒಬ್ಬ ಹೆಂಗಸು:

'ಅಮ್ಮ ರೇಷ್ಮೆಗೂಡಿನ ಬುಟ್ಟಿ ಎತ್ತಿದ ಕೂಡಲೇ
ಇಷ್ಟು ಕೇಜಿ ಅನ್ನೋಳು. ತಕ್ಕಡಿಯೂ ಅಷ್ಟೇ ಅನ್ನೋದು.
ಕೊನೇ ದಿನ ನನ್ನ ಕೈ ಎತ್ತಿ ನೋಡಿ,
ಇಳಿದಿದೀಯ ಕಣೇ, ಅಂದ್ಲು.'

ಎಲೆ ಮೇಲೆ ಕೈಗಳು ನಿಂತವು.
ಪಾಯಸದ ಸೌಟಿನಿಂದ ತೊಟ್ಟು, ತೊಟ್ಟು.
ನನ್ನ ಬೆರಳು ಬಟನ್ ಮೇಲೇ ಇತ್ತು, ಗಂಗುಲಪ್ಪ.
ಒಂದು ಸಲ ಒತ್ತಿದರೆ ಎಂಟು.
ಒತ್ತಲಿಲ್ಲ.
ಮದುಮಗಳು ತಾಯಿ ಕಡೆ ನೋಡಿದಳು,
ತಾಯಿ ಎಲೆ ನೋಡ್ತಿದ್ದಳು.

ಆಮೇಲೆ ಒತ್ತಿದೆ.
ಬೀಗರ ಕೈಯಿಂದ ಮೈಕು ತಗೊಂಡು ಅದನ್ನೂ ಎಂಟಕ್ಕೆ ತಂದೆ.
ಅವರು ಕೆಮ್ಮಿ, ಬರೆದು ತಂದಿದ್ದನ್ನು ಓದಿದರು.

ಅಪಶಕುನ ಅಂತ ಬಾಡಿಗೇಲಿ ಐನೂರು ಹಿಡಿದರು.
ನ್ಯಾಯವೇ ಬಿಡು.
ಕೆಲಸ ಗೊತ್ತಿದ್ದೋನು ಪಕ್ಕದ ಛತ್ರಕ್ಕೆ ಹೋಗಿ
ಮೊದಲೇ ಕೇಳಿರ್ತಾನೆ, 'ಅಣ್ಣ, ನಿಮ್ಮದು ಯಾವ ಚಾನಲ್ಲು?'
ನೀನೂ ಕೇಳು.
ಏಳು ಖಾಲಿ ಅಂದರೂ ಎಂಟಕ್ಕೆ ಹಾಕು.

ರಾತ್ರಿ ಸೆಲ್ಲು ಹೊರಗಿಟ್ಟು ಮಲಗು.
ಒಳಗೇ ಬಿಟ್ಟರೆ ಸೋರಿ
ಸ್ಪ್ರಿಂಗು ತಿಂತದೆ.