ನಿರ್ನಾಳ

ಇಪ್ಪತ್ತೆರಡು ವರ್ಷ ಬ್ಯಾಡಗಿ ಅಂಗಳದಾಗ
ಮೆಣಸಿನಕಾಯಿ ತೊಟ್ಟು ಬಿಡಿಸೇನಿ.
ಹೊಸ ಹಮಾಲರು ಸೀನತಾರ;
ನನ್ನ ಮೂಗು ಘಾಟು ಮರತೈತಿ.

ಕೊರಳು ಬಾತಿತ್ತು. ಹಾವೇರಿ ದವಾಖಾನಿ.
ಡಾಕ್ಟರಬಾಯಿ ಚೀಟಿ ಹಿಂದ ಚಿತ್ರ ಬರದ್ಲು:
ಕಣ್ಣೀರಿನ ಗ್ರಂಥಿಗೆ ನಾಳ ಐತಿ,
ಹನಿ ಹನಿ ಹೊರಗ ಬರತೈತಿ.
ಕೊರಳಾಗಿಂದಕ್ಕ ದಾರೀನ ಇಲ್ಲ, ನಿರ್ನಾಳ.
ಮಾಡಿದ್ದೆಲ್ಲಾ ಸೀದಾ ರಕ್ತಕ್ಕ.

‘ಯಾಕ ಸುಮ್ಮನಾದಿ ಹುಸೇನವ್ವ?’
ಏನಿಲ್ರಿ.

ಅಕ್ಕ ಫಕೀರವ್ವ ಹೋದ ಸುದ್ದಿ ಬಂದಾಗ
ರಾಶಿ ಮುಂದ ಕುಂತಿದ್ನಿ. ಕೈ ನಿಲ್ಲಲಿಲ್ಲ.
ಕಣ್ಣಾಗ ನೀರು ಕಂಡು ಮುಕಾದಮ ಅಂದ:
‘ಇವತ್ತು ಘಾಟು ಭಾಳ ಐತಿ, ಸೆರಗು ಕಟ್ಕೋ.’
ಹೂಂ ಅಂದ್ನಿ. ಕಟ್ಟಿಕೊಂಡ್ನಿ.

ಈಗ ನಸುಕಿನ್ಯಾಗ ಒಂದು ಬಿಳಿ ಗುಳಿಗಿ.
ಅರ್ಧ ತಾಸು ಚಹಾ ಕುಡಿಯೂಹಂಗಿಲ್ಲ.
ಒಲಿ ಹಚ್ಚದ ಆ ಅರ್ಧ ತಾಸು
ಅಕ್ಕನ ಜೋಡಿ ಕುಂದರತೇನಿ.